ಸಹಾಯ ಬೇಕು: ತೆಜೆ ಯುವ ಧ್ಯಾನಕೂಟ, ವೀಸಾಗೆ ಆದಾಯದ ದಾಖಲೆ

ವಿರಾಜಪೇಟೆ ಕಡೆಯಿಂದ ಆರು ಜನ ಯುವಕ-ಯುವತಿಯರು ಫ್ರಾನ್ಸಿನ ತೆಜೆಗೆ (ಯುವಜನರ ಪ್ರಾರ್ಥನಾ ಕೂಟ ನಡೆಸುವ ಕ್ರೈಸ್ತ ಸನ್ಯಾಸಿ ಸಮುದಾಯ ಇರೋ ಹಳ್ಳಿ) ಒಂದು ವಾರಕ್ಕೆ ಹೊರಟಿದ್ದಾರೆ. ಆಹ್ವಾನ ಪತ್ರ, 30,000 ಯೂರೋ ವಿಮೆ, 35×45 ಮಿ.ಮೀ. ಫೋಟೊ ಎಲ್ಲ ರೆಡಿ. ತೊಡಕಿರೋದು ಆದಾಯದ ದಾಖಲೆಯಲ್ಲಿ. ಖರ್ಚು ಹಾಕುವ ಅಪ್ಪಂದಿರದ್ದು ಬರೀ ಕಾಫಿ, ಕರಿಮೆಣಸು. ಐಟಿ ರಿಟರ್ನ್ ಯಾರೂ ಹಾಕಿಲ್ಲ. ಫಸಲಿನ ದುಡ್ಡು ಜನವರಿಯಿಂದ ಮಾರ್ಚ್‌ನೊಳಗೆ ಒಟ್ಟಿಗೆ ಬೀಳುತ್ತೆ, ಮಳೆಗಾಲದಲ್ಲಿ ಖಾತೆ ಖಾಲಿ. ನೋಡುವವರಿಗೆ ಅದು ವೀಸಾಗೋಸ್ಕರ ಸಾಲ ತಂದು ತುಂಬಿಸಿದ ಹಾಗೇ ಕಾಣುತ್ತೆ! ಪಹಣಿಯೂ ಇನ್ನೂ ಅಜ್ಜನ ಹೆಸರಲ್ಲೇ ಇದೆ.

ಪಹಣಿ, ವಂಶವೃಕ್ಷ, ಕಾಫಿ ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರಿದ ಬಿಲ್ ಇಟ್ಟು ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಸಿಕ್ಕವರಿದ್ದೀರಾ? ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ವರ್ಷದ್ದು ಕೊಡೋದು ಒಳ್ಳೇದಾ? ಪಹಣಿಯ ಇಂಗ್ಲಿಷ್ ಅನುವಾದಕ್ಕೆ ನೋಟರಿ ಸಹಿ ಸಾಕಾ? ಮಡಿಕೇರಿಯಲ್ಲಿ ಮಾಡಿಕೊಡುವವರಿದ್ದರೆ ತಿಳಿಸಿ. ವೀಸಾಗೆ ಬೆರಳ ಗುರುತು ಕೊಡೋಕೆ ಹೇಗೂ ಆರೂ ಜನ ಬೆಂಗಳೂರಿಗೆ ಹೋಗಲೇಬೇಕು, ಎರಡನೇ ಸಲ ಓಡಾಡಿಸೋದು ಬೇಡ.