ಟ್ರಿಪಲ್ ಎ ಆಡುವ ಮಗ, ವಯಸ್ಸು 14: ಪ್ರೊ ಆಗ್ತಾನಾ, ಹೇಗೆ ತಿಳಿಯೋದು?

ಬ್ರಾಂಪ್ಟನ್ ಅಮ್ಮ: ಮಗ ಐಸ್ ಹಾಕಿಯಲ್ಲಿ ಲೆಫ್ಟ್ ವಿಂಗ್, ಅಂದರೆ ಎಡಬದಿಯ ಫಾರ್ವರ್ಡ್. ಟ್ರಿಪಲ್ ಎ ಅಂದರೆ ಇಲ್ಲಿ ಕೆನಡಾದಲ್ಲಿ ಮಕ್ಕಳ ಹಾಕಿಯ ಮೇಲಿನ ಹಂತ. ಈ ಸೀಸನ್ 33 ಗೇಮ್, 19 ಗೋಲು. ಎತ್ತರ 5 ಅಡಿ 5. ಹುಟ್ಟಿದ್ದು ನವೆಂಬರ್. ಮುಂದಿನ ವರ್ಷ ಓಎಚ್‌ಎಲ್ (ಒಂಟಾರಿಯೋದ ಜೂನಿಯರ್ ಲೀಗ್) ಡ್ರಾಫ್ಟ್, ಟೀಮ್‌ಗಳು ಸರದಿಯಲ್ಲಿ ಹುಡುಗರನ್ನು ಆರಿಸಿಕೊಳ್ಳೋದು. ಸ್ಕಿಲ್ಸ್ ಕೋಚ್ "ಖಂಡಿತ ಪ್ರೊ ಆಗ್ತಾನೆ" ಅನ್ನುತ್ತಾರೆ. ಗಂಟೆಗೆ 120 ಡಾಲರ್ ತಗೊಳ್ಳುವವರೂ ಅವರೇ! ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಮಿಸಿಸಾಗಾದ ಹಾಸನದವ: ಗೋಲು ಎಣಿಸಬೇಡಿ. ನಾನೂ ಎಣಿಸಿ ಕೆಟ್ಟೆ. ನಮ್ಮವನು 12ರಲ್ಲಿ ಬ್ಲೂ ಲೈನ್‌ನಿಂದ ಒಬ್ಬನೇ ನುಗ್ಗಿ ಹೊಡೆಯುತ್ತಿದ್ದ. ಬಾಡಿ ಚೆಕ್ (ಮೈಯಿಂದ ಗುದ್ದಿ ತಡೆಯೋದು) ಶುರುವಾಯ್ತು ನೋಡಿ, ಆ ದಾರಿಯೇ ಬಂದ್. 14ರಲ್ಲಿ ಕಾಲರ್ ಬೋನ್ ಮುರಿದು ಒಂಬತ್ತು ವಾರ ಮನೆಯಲ್ಲಿ. ಆ ವರ್ಷದ ಲೆಕ್ಕ ಇನ್ನೂ ಬಾಯಿಪಾಠ. ಟೀಮ್ ಫೀಸು 6,200. ಟೂರ್ನಮೆಂಟ್ ಹೋಟೆಲ್ 3,850. ಸ್ಕೇಟ್ಸ್ 1,100. ಒಂದೊಂದು 379ರ ಸ್ಟಿಕ್, ಐದು. ಮೂರನೆಯದು ವಾರ್ಮಪ್‌ನಲ್ಲೇ ಟಕ್ ಅಂತು. ಬ್ಲೇಡಿಗೆ ಸುತ್ತಿದ ಟೇಪ್ ಇನ್ನೂ ಬೆಳ್ಳಗಿತ್ತು.

ಕೊನೆಗೆ 11ನೇ ರೌಂಡಲ್ಲಿ ಡ್ರಾಫ್ಟ್ ಆದ. ಊರಿಗೆಲ್ಲ ಫೋನ್ ಮಾಡಿದ್ದೇ ಮಾಡಿದ್ದು. ಕ್ಯಾಂಪಿಗೆ ಕರೆದರು, ಎರಡು ಎಕ್ಸಿಬಿಷನ್ ಗೇಮ್ ಆಡಿಸಿದರು, ಮನೆಗೆ ಕಳಿಸಿದರು. ಆಗಿನ ನಿಯಮ ಗೊತ್ತಲ್ಲ, ಆ ಎರಡು ಗೇಮಿಗೇ ಅಮೆರಿಕದ ಕಾಲೇಜು ಹಾಕಿಯೂ ಕೈ ತಪ್ಪಿತು.

ಸರ್ರೆ ಅಪ್ಪ: 2024ರ ನವೆಂಬರ್‌ನಲ್ಲೇ ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಆ ನಿಯಮ ಬದಲಿಸಿದೆ ಸ್ವಾಮಿ. 2025ರ ಆಗಸ್ಟ್‌ನಿಂದ ಓಎಚ್‌ಎಲ್ ಆಡಿದವರೂ ಹೋಗಬಹುದು. ಹಳೇ ಕಥೆ ಹೇಳಿ ಹೆದರಿಸಬೇಡಿ. ನಮ್ಮವನನ್ನು ಯಾರೂ ಡ್ರಾಫ್ಟೇ ಮಾಡಲಿಲ್ಲ. ಈಗ 19, ಓಎಚ್‌ಎಲ್ ಮಟ್ಟಕ್ಕಿಂತ ಒಂದು ಹಂತ ಕೆಳಗಿನ ಜೂನಿಯರ್ ಎ ಟೀಮಲ್ಲಿ ಎರಡನೇ ಲೈನ್. ನಮ್ಮ ಸರ್ರೆಯ ಅರ್ಶ್‌ದೀಪ್ ಬೇನ್ಸ್‌ನನ್ನೇ ನೋಡಿ. ದೊಡ್ಡ ಪ್ರೊ ಲೀಗ್ ಎನ್‌ಎಚ್‌ಎಲ್ ಡ್ರಾಫ್ಟಲ್ಲಿ ಯಾರೂ ಕರೆಯಲಿಲ್ಲ. 2021-22ರಲ್ಲಿ ರೆಡ್ ಡೀರ್ ಪರ ಗೋಲು, ಅಸಿಸ್ಟ್ ಸೇರಿ 112 ಪಾಯಿಂಟ್, ಇಡೀ ಡಬ್ಲ್ಯುಎಚ್‌ಎಲ್‌ಗೆ (ಓಎಚ್‌ಎಲ್‌ನಂಥದೇ ಪಶ್ಚಿಮದ ಲೀಗ್) ಮೊದಲು. ಆ ಸೀಸನ್ ಮುಗಿಯುವ ಮುಂಚೆಯೇ ಎನ್‌ಎಚ್‌ಎಲ್‌ನ ವ್ಯಾಂಕೂವರ್ ಟೀಮ್‌ನವರೇ ಬಂದು ಸಹಿ ಹಾಕಿಸಿದರು.

ಮಿಸಿಸಾಗಾದ ಹಾಸನದವ: ನಿಯಮ ಬದಲಾಗಿದ್ದು ನನಗೂ ಗೊತ್ತು. ಅಷ್ಟೊತ್ತಿಗೆ ನನ್ನ ಮಗನಿಗೆ 21 ತುಂಬಿತ್ತು. ಬೇನ್ಸ್ ಒಬ್ಬನನ್ನು ತೋರಿಸಿ ಎಷ್ಟು ಮನೆಗೆ ಸಾಲ ಹೊರಿಸುತ್ತೀರಿ? ಎನ್‌ಎಚ್‌ಎಲ್ ಡ್ರಾಫ್ಟ್ ಅಂದರೆ 32 ಟೀಮ್, 7 ರೌಂಡ್. 224 ಹುಡುಗರು. ಸ್ವೀಡನ್, ಫಿನ್ಲೆಂಡ್, ರಷ್ಯಾ ಎಲ್ಲಾ ಸೇರಿ ಇಷ್ಟೇ.

ಸರ್ರೆ ಅಪ್ಪ: ಸಾಲ ಮಾಡಿ ಅಂತ ನಾನೆಲ್ಲಿ ಹೇಳಿದೆ? ಐದು ಸ್ಟಿಕ್ ಕೊಂಡವರು ನೀವು.

ವಿನ್ನಿಪೆಗ್ ತಾಯಿ: ನವೆಂಬರ್ ಅಂದಿದ್ದನ್ನು ಯಾರೂ ಓದಲೇ ಇಲ್ವಾ? ನಮ್ಮವನು ಡಿಸೆಂಬರ್ 20. ಟೀಮ್ ಮಾಡೋದು ಹುಟ್ಟಿದ ವರ್ಷದ ಲೆಕ್ಕದಲ್ಲಿ, ಹಾಗಾಗಿ ಜನವರಿ ಹುಡುಗರ ಜೊತೆಗೇ ಆಡಬೇಕಿತ್ತು, ಅವರ ಹೆಗಲಿಗೆ ಇವನ ಹೆಲ್ಮೆಟ್. 1980ರ ದಶಕದಲ್ಲೇ ಬಾರ್ನ್ಸ್‌ಲಿ ಅನ್ನುವವರು ತೋರಿಸಿದ್ದರು, ಮೇಜರ್ ಜೂನಿಯರ್‌ನಲ್ಲಿ (ಓಎಚ್‌ಎಲ್, ಡಬ್ಲ್ಯುಎಚ್‌ಎಲ್ ಮಟ್ಟ) ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಅಂತ. "ಇನ್ನು ಬೆಳೆಯಲ್ಲ" ಅಂದರು ಒಬ್ಬ ಕೋಚ್. ನಂಬಿ 15ಕ್ಕೆ ಬಿಡಿಸಿದೆವು. 16ರಲ್ಲಿ ಐದು ಇಂಚು ಬೆಳೆದ! ಈಗ ರೆಫರಿ. ಶನಿವಾರ ಆ ಪಟ್ಟೆ ಅಂಗಿ ಇಸ್ತ್ರಿ ಮಾಡುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಒಟ್ಟಾವಾದಿಂದ: ಪಕ್ (ಐಸ್ ಹಾಕಿಯ ಬಿಲ್ಲೆ) ಅವನ ಹತ್ತಿರ ಇಲ್ಲದಾಗ ನೋಡಿ. ಗೋಲ್‌ಕೀಪರ್ ಹಿಂದೆ, ಮೂಲೆಯಲ್ಲಿ ಪಕ್ ತಗೊಳ್ಳುವ ಮುಂಚೆ ತಲೆ ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡ್ತಾನಾ? ನನ್ನ ಮಗಳೂ ಫಾರ್ವರ್ಡ್. ಒಂದು ಗೇಮ್ ಪೂರ್ತಿ ಕಾಫಿ ಕಪ್ಪಿನ ಮೇಲೆ ಗೀಟು ಹಾಕುತ್ತಾ ಎಣಿಸಿದೆ. 11 ಸಲ ಮೂಲೆಗೆ ಹೋದಳು, ನೋಡಿದ್ದು 3 ಸಲ. ನನಗೆ ಅವತ್ತೇ ಗೊತ್ತಾಯ್ತು. ಅವಳಿಗೆ ಹೇಳೋಕೆ ಎರಡು ವರ್ಷ ಬೇಕಾಯ್ತು.

ಸ್ಕಾರ್ಬರೋ: ಎಲ್ಲ ಸರಿ. ಭಾನುವಾರ ಕನ್ನಡ ಕ್ಲಾಸಿಗೆ ಒಬ್ಬರ ಮಕ್ಕಳೂ ಬರಲ್ಲ, ರಿಂಕ್‌ನಲ್ಲಿ ಮಾತ್ರ ಬೆಳಿಗ್ಗೆ ಆರಕ್ಕೇ ಹಾಜರ್.

ಸರ್ರೆ ಅಪ್ಪ: ನಮ್ಮವನು ಅಚ್ಚ ಕನ್ನಡದಲ್ಲೇ ಬೈಯುತ್ತಾನೆ. ರೆಫರಿಗೆ ಅರ್ಥ ಆಗಲ್ಲ, ಪೆನಾಲ್ಟಿ ಇಲ್ಲ.

ವಿನ್ನಿಪೆಗ್ ತಾಯಿ: ನಮ್ಮವನಿಗೆ ಆಗುತ್ತೆ.

ಬ್ರಾಂಪ್ಟನ್ ಅಮ್ಮ: ಹಾಸನದವರೇ, ಆ ಸ್ಕೇಟ್ಸ್ ಇನ್ನೂ ಇದೆಯಾ? ಇವನಿಗೆ ಏಳು ಸೈಜ್.

ಮಿಸಿಸಾಗಾದ ಹಾಸನದವ: ಅದೇ ಸೈಜ್. ಒಂಬತ್ತು ವಾರ ಮುಟ್ಟೇ ಇಲ್ಲ. 700ಕ್ಕೆ ಕೊಡುತ್ತೇನೆ.

ಸರ್ರೆ ಅಪ್ಪ: ಎಂಟು ವರ್ಷದ ಹಳೇ ಸ್ಕೇಟ್ಸ್‌ಗೆ 700 ಡಾಲರಾ?