ಕ್ಲಚ್ ಪ್ಲೇಟ್ ಹಾಕಿಸಲು ಕೊಟ್ಟರೆ ಸೀಲ್, ಬುಶ್ ಎಲ್ಲ ಹೋಗಿದೆಯಂತೆ. ನಂಬಬಹುದಾ?

ಪ್ರಶ್ನೆ: ನನ್ನದು 2006ರ ಮಾರುತಿ 800. ಕದ್ರಿ ಗುಡ್ಡ ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಕ್ಲಚ್ ಸೆಟ್ ಹಾಕಿ ಅಂತ ಸುರತ್ಕಲ್ ಕಡೆಯ ಗ್ಯಾರೇಜಿಗೆ ಬಿಟ್ಟೆ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಫೋನ್: "ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಫೋರ್ಕಿನ ಬುಶ್ ಸವೆದಿದೆ, ಗೇರ್‌ಬಾಕ್ಸ್ ಮೌಂಟಿಂಗ್ ಕೂಡ." ಮೊದಲು ಇದ್ಯಾವುದನ್ನೂ ಹೇಳಿರಲಿಲ್ಲ. ಟೋಪಿ ಹಾಕುತ್ತಿದ್ದಾರಾ ಅಣ್ಣ?

ಉತ್ತರ: ಮೊದಲು ಹೇಳಲಿಲ್ಲ ಅಂತ ಸಂಶಯ ಬೇಡ. ಆಯಿಲ್ ತಡೆಯುವ ಆ ಸೀಲ್ ಇರುವುದು ಫ್ಲೈವೀಲಿನ ಹಿಂದೆ, ಅಂದರೆ ಇಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನ ತುದಿಯ ಭಾರದ ಚಕ್ರದ ಹಿಂದೆ. ಕ್ಲಚ್ ಬಿಡಿಸುವ ಫೋರ್ಕಿನ ಬುಶ್ ಇರುವುದು ಗೇರ್‌ಬಾಕ್ಸಿನ ಗಂಟೆಯಂಥ ಕವರಿನ ಒಳಗೆ. ಇಳಿಸದೆ ಯಾರಿಗೂ ಕಾಣುವುದಿಲ್ಲ. ಸುಮ್ನೆ ಫೋನಲ್ಲಿ ವಾದ ಮಾಡಬೇಡಿ ಮಾರಾಯ್ರೆ, ಒಮ್ಮೆ ಹೋಗಿ ನೋಡಿ.

ಹಳೇ ಪ್ಲೇಟನ್ನು ಕೈಗೆ ತೆಗೆದುಕೊಳ್ಳಿ. ಒಣಗಿದ್ದು, ರಿವೆಟ್ ತನಕ ಸವೆದಿದ್ದರೆ ಅದು ಬರೀ ವಯಸ್ಸು. ಕಪ್ಪಗೆ ಜಿಡ್ಡು ಹಿಡಿದು ಮಿನುಗುತ್ತಿದ್ದರೆ ಆಯಿಲ್ ಕುಡಿದಿದೆ. ಆಯಿಲ್ ಎಲ್ಲಿಂದ ಬಂತು ಅಂತ ಮೂಗೇ ಹೇಳುತ್ತದೆ. ಗೇರ್ ಆಯಿಲಿಗೆ ಗಂಧಕದ ಘಾಟು ಉಂಟು, ಇಂಜಿನ್ ಆಯಿಲಿಗೆ ಅದಿಲ್ಲ. ಘಾಟು ಇದ್ದರೆ ತಪ್ಪು ಕ್ರ್ಯಾಂಕ್ ಸೀಲಿನದ್ದಲ್ಲ, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಕ್ಲಚ್ ಪ್ಲೇಟ್ ಕೂರುವ ಶಾಫ್ಟ್) ಸೀಲಿನದ್ದು. ಕೆಲವೊಮ್ಮೆ ಇಂಜಿನ್ನಿನ ಮೇಲಿನ ಟ್ಯಾಪೆಟ್ ಕವರ್ ಸೋರಿ ಹೊರಗೆ ಮಾತ್ರ ಒದ್ದೆಯಾಗಿರುತ್ತದೆ. ಅದನ್ನು ನೋಡಿ ಸೀಲ್ ಬದಲಿಸಿದರೆ ದುಡ್ಡು ದಂಡ.

ಇನ್ನು ಬುಶ್. ಕೇಬಲ್ ಎಳೆಯುವ ಲಿವರನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಫೋರ್ಕಿನ ಶಾಫ್ಟ್ ಓರೆಯಾಗಿ ತಿರುಗುತ್ತಿದೆ ಅಂತ ಅರ್ಥ. ಕ್ಲಚ್ಚನ್ನು ಒತ್ತುವ ಹೊಸ ರಿಲೀಸ್ ಬೇರಿಂಗ್ ಕೂಡ ಓರೆಯಾಗಿಯೇ ತಳ್ಳುತ್ತದೆ, ಗಾಡಿ ಹೊರಡುವಾಗ ನಡುಗುತ್ತದೆ.

ಗೇರ್‌ಬಾಕ್ಸ್ ಇಳಿಸಿದಾಗ ಮಾತ್ರ ಕೈಗೆ ಸಿಗುವುದನ್ನು ಈಗಲೇ ಮಾಡಿಸಿ. ಬುಶ್, ಸೀಲ್ ಅಗ್ಗ, ಕೂಲಿಯೇ ಜಾಸ್ತಿ. ಆಕ್ಸಲ್ ಎಳೆದಿದ್ದಾರಲ್ವಾ, ಅದರ ಎರಡು ಸೀಲನ್ನೂ ಹಾಕಿಸಿ. ಗೇರ್‌ಬಾಕ್ಸನ್ನು ಹಿಡಿದಿಡುವ ಮೌಂಟಿಂಗ್ ಹೊರಗಿನದ್ದು. ರಬ್ಬರ್ ಹರಿದಿಲ್ಲದಿದ್ದರೆ ಕಾಯಬಹುದು.

ಪ್ರಶ್ನೆ ಕೇಳಿದವರು: ಹೋಗಿ ನೋಡಿದೆ ಅಣ್ಣ. ಪ್ಲೇಟಿನಲ್ಲಿ ಜಿಡ್ಡು ಉಂಟು, ಘಾಟು ಮಾತ್ರ ಇಲ್ಲ. ಲಿವರ್ ಕಟಕಟ ಅಂತ ಜೋರಾಗಿಯೇ ಅಲ್ಲಾಡುತ್ತದೆ. ಫ್ಲೈವೀಲಿನಲ್ಲಿ ನೀಲಿ ಕಲೆಗಳು ಉಂಟು, ಅದೆಂತ?

ಉತ್ತರ: ಹಾಗಾದರೆ ಅವರು ಹೇಳಿದ್ದು ಸರಿ. ನೀಲಿ ಕಲೆ ಅಂದರೆ ಪ್ಲೇಟ್ ಜಾರಿ ಜಾರಿ ಕಾದ ಗುರುತು. ಉಗುರು ಎಳೆದು ನೋಡಿ, ಬಿರುಕು ಸಿಕ್ಕದಿದ್ದರೆ ಲೇತಿನಲ್ಲಿ ತೆಳ್ಳಗೆ ಒಂದು ಕಟ್ ಸಾಕು. ಬಿರುಕು ಆಳವಿದ್ದರೆ ಫ್ಲೈವೀಲೇ ಬದಲಿಸಬೇಕು.

ಒಂದು ಮುಖ್ಯ ವಿಷಯ ಬಿಟ್ಟೆ. ಹಳೇ ಸೀಲ್ ತೆಗೆದ ಮೇಲೆ ಕ್ರ್ಯಾಂಕಿನ ಮೇಲೆ ಸೀಲಿನ ತುಟಿ ಕೂರುವ ಜಾಗಕ್ಕೂ ಉಗುರು ಎಳೆಯಲು ಹೇಳಿ. ಗೆರೆ ಸಿಕ್ಕಿದರೆ ಹೊಸ ಸೀಲನ್ನು ಅದೇ ಆಳಕ್ಕೆ ಬಡಿಯಬಾರದು. ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿದರೆ ತುಟಿ ಸವೆಯದ ಜಾಗಕ್ಕೆ ಬರುತ್ತದೆ. ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ಇನ್ನೊಬ್ಬರು: ನಮ್ಮದು ಮಣಿಪಾಲ. ಕ್ಲಚ್ ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗಳಲ್ಲಿ ತುಕ್ಕು ಇತ್ತು. ಗ್ರೀಸ್ ಹಚ್ಚಬಹುದಾ?

ಉತ್ತರ: ಕಡಲಿನ ಗಾಳಿಯಲ್ಲವಾ, ತುಕ್ಕು ಸಾಮಾನ್ಯ. ಉಜ್ಜಿ ತೆಗೆದು ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ. ಜಾಸ್ತಿ ಹಚ್ಚಿದರೆ ಸಿಡಿದು ಹೊಸ ಪ್ಲೇಟಿಗೇ ಬೀಳುತ್ತದೆ.