ಆರ್ಥಿಕ ಕುಸಿತದ ಕಾಲ ದಾಟಿ ಬಂದವರು ಹೇಳಿ, ಮನೆ ಹೇಗೆ ನಡೆಸಿದ್ರಿ?

ಪ್ರಶ್ನೆ: ನನ್ನ ಕೆಲಸ ಹೋಗಿ ಎರಡು ತಿಂಗಳಾಯಿತು. ಯಜಮಾನರಿಗೆ ಅರ್ಧ ಸಂಬಳ. ಇಬ್ಬರು ಮಕ್ಕಳು, ಮನೆ ಸಾಲ ಬೇರೆ. ಎಲ್ಲಿ ಕೇಳಿದರೂ ಜನರನ್ನು ತೆಗೆಯುತ್ತಿದ್ದಾರೆ, ಸೇರಿಸಿಕೊಳ್ಳುವವರಿಲ್ಲ. ಮೊದಲು ಏನು ಮಾಡಬೇಕು?

ಉತ್ತರ 1: ಕಂತು ತಪ್ಪುವ ಮೊದಲೇ ಸಾಲ ಕೊಟ್ಟವರ ಹತ್ತಿರ ನೀವೇ ಹೋಗಿ. ನಾನು ಹೋಗಲಿಲ್ಲ. ಮೂರು ಕಂತು ತಪ್ಪಿದ ಮೇಲೆ ದಿನಕ್ಕೆ ಹತ್ತು ಸಲ ಕರೆ ಬರುತ್ತಿತ್ತು. ಫೋನನ್ನು ದಿಂಬಿನ ಕೆಳಗೆ ತುರುಕಿ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದೆ. ಅಲ್ಲಿಗೂ ಅದರ ಗುಂಯ್ ಗುಂಯ್ ಕೇಳುತ್ತಿತ್ತು. ಕೊನೆಗೆ ಧೈರ್ಯ ಮಾಡಿ ಹೋದೆ. ಅವಧಿ ಹೆಚ್ಚಿಸಿ ಕಂತು ಇಳಿಸಿದರು. ಒಟ್ಟು ಬಡ್ಡಿ ಜಾಸ್ತಿ ಆಯಿತು, ಆದರೆ ಮನೆ ಉಳಿಯಿತು.

ಇನ್ನೊಂದು ವಿಷಯ, ನನಗೆ ಇದೇ ದೊಡ್ಡದು ಅನ್ನಿಸುತ್ತೆ. ದಿನಕ್ಕೊಂದು ಹೊತ್ತುಗೊತ್ತು ಇಟ್ಟುಕೊಳ್ಳಿ. 1930ರ ಸುಮಾರಿಗೆ ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಹಳ್ಳಿಯಲ್ಲಿ ಬಟ್ಟೆ ಕಾರ್ಖಾನೆ ಮುಚ್ಚಿ ಹೆಚ್ಚಿನ ಮನೆಗಳ ದುಡಿಮೆ ನಿಂತುಹೋಯಿತು. ಮಾರಿ ಯಹೋಡಾ ಎಂಬ ಸಂಶೋಧಕಿ ಮತ್ತು ಜೊತೆಯವರು ಅಲ್ಲಿನ ಬದುಕನ್ನು ಹತ್ತಿರದಿಂದ ನೋಡಿ ಬರೆದಿದ್ದಾರೆ. ಬೇಕಾದಷ್ಟು ಬಿಡುವಿದ್ದರೂ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತಂತೆ. ಗಂಡಸರು ರಸ್ತೆಯಲ್ಲಿ ನಿಧಾನಕ್ಕೆ ನಡೆದು, ಅಲ್ಲಲ್ಲಿ ಸುಮ್ನೆ ನಿಲ್ಲುತ್ತಿದ್ದರು. ಹೆಚ್ಚಿನವರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಓದುವಾಗ ನನ್ನದೇ ಕಥೆ ಅನ್ನಿಸಿತು. ಆಮೇಲೆ ಕೆಲಸಕ್ಕೆ ಹೋಗುತ್ತಿದ್ದ ಹೊತ್ತಿಗೇ ಎದ್ದು, ಸ್ನಾನ ಮಾಡಿ, ಹತ್ತರೊಳಗೆ ಎರಡು ಅರ್ಜಿ ಬರೆದು ಮುಗಿಸುತ್ತಿದ್ದೆ. ಕೆಲಸ ಸಿಕ್ಕಿದ್ದು ಏಳು ತಿಂಗಳಿಗೆ. ಅಲ್ಲಿಯವರೆಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬೆಳಗುಗಳೇ.

ಉತ್ತರ 2: ಅಕ್ಕ, ಅಕ್ಕಪಕ್ಕದವರಿಂದ ಮುಚ್ಚಿಡಬೇಡಿ. ನಾವು ಬಾಯಿಬಿಟ್ಟ ಮೇಲೇ ಗೊತ್ತಾಗಿದ್ದು, ಇನ್ನೂ ಎರಡು ಮನೆಯಲ್ಲಿ ಇದೇ ಕಷ್ಟ ಅಂತ. ಒಬ್ಬರು ಮಕ್ಕಳನ್ನು ನೋಡಿಕೊಂಡರೆ ಉಳಿದವರು ಸಿಕ್ಕ ಕೆಲಸಕ್ಕೆ ಹೋಗುತ್ತಿದ್ದೆವು. ನನಗೆ ಹೊಲಿಗೆ ಬರುತ್ತೆ. ಸವೆದ ಕಾಲರ್ ಬಿಚ್ಚಿ, ಮಗ್ಗಲು ಬದಲಿಸಿ ಹೊಲಿದರೆ ಅಂಗಿ ಇನ್ನೊಂದು ವರ್ಷ ಬರುತ್ತೆ ಗೊತ್ತಾ? ಪಕ್ಕದ ಮನೆಯಣ್ಣನ ಅಂಗಿ ಹಾಗೆ ಹೊಲಿದುಕೊಟ್ಟೆ, ಅದಕ್ಕೆ ಬದಲಾಗಿ ಅವರು ನಮ್ಮ ನಲ್ಲಿ ರಿಪೇರಿ ಮಾಡಿಕೊಟ್ಟರು. ಅರ್ಜೆಂಟೀನಾದಲ್ಲಿ 2002ರ ಆರ್ಥಿಕ ಕುಸಿತದಲ್ಲಿ ಲಕ್ಷಾಂತರ ಜನ ಹೀಗೇ ಬದಲಿ ಸಂತೆಗಳಲ್ಲಿ ವಸ್ತು, ಕೆಲಸ ಕೊಟ್ಟು ತೆಗೆದುಕೊಂಡು ಸಂಸಾರ ಸಾಗಿಸಿದರು.

ಉತ್ತರ 3: ಸ್ವಲ್ಪ ನಗದು ಮನೆಯಲ್ಲಿರಲಿ. 2015ರಲ್ಲಿ ಗ್ರೀಸಿನ ಬ್ಯಾಂಕುಗಳು ಮುಚ್ಚಿದಾಗ ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ ಸಿಗುತ್ತಿತ್ತು. ಕೆಲಸ ಕೊಡಿಸುತ್ತೇವೆ ಅಂತ ಮುಂಗಡ ಕೇಳುವವರಿಗೆ ಬಿಡಿಗಾಸೂ ಕೊಡಬೇಡಿ. ನಮ್ಮ ತಮ್ಮ ಕೊಟ್ಟು ಕಳೆದುಕೊಂಡ.

ಪ್ರಶ್ನೆ ಕೇಳಿದವರು: ಸೋಮವಾರವೇ ಸಾಲ ಕೊಟ್ಟವರ ಹತ್ತಿರ ಹೋಗುತ್ತೇನೆ. ಯಾವ್ಯಾವ ಕಾಗದ ಬೇಕಾಗುತ್ತೆ?

ಉತ್ತರ 1: ಕೆಲಸದಿಂದ ತೆಗೆದ ಪತ್ರ, ಯಜಮಾನರ ಈಗಿನ ಸಂಬಳದ ಚೀಟಿ, ತಿಂಗಳ ಖರ್ಚಿನ ಲೆಕ್ಕ. ಬಾಯಲ್ಲಿ ಹೇಳಿ ಬರಬೇಡಿ, ಅರ್ಜಿ ಬರೆದು ಕೊಡಿ. ನಕಲಿನ ಮೇಲೆ ತಾರೀಖು, ಸಹಿ ಹಾಕಿಸಿಕೊಳ್ಳಿ. ಇಬ್ಬರೂ ಒಟ್ಟಿಗೆ ಹೋಗಿ.